ಹೆಸರಿನೊಡನೆ ಬರುವ ಬಿಡಿ ಸಾಲು

ಪುಸ್ತಕಗಳನ್ನು ಇಟ್ಟುಕೊಂಡು ಆಡುವ ಒಂದು ಆಟವಿದೆ. ಎಂಟು ಹತ್ತು ಜನ ಸುತ್ತು ಕೂಡುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಪುಸ್ತಕ. ಕಾದಂಬರಿಯಾದರೂ ಸರಿ, ಶಾಲೆಯ ಪಠ್ಯವಾದರೂ ಸರಿ, ಬೀಜ-ಗೊಬ್ಬರದ ಕೈಪಿಡಿಯಾದರೂ ಸರಿ. ಒಬ್ಬರು ಬಾಯಿಗೆ ಬಂದ ಪುಟಸಂಖ್ಯೆ ಹೇಳುತ್ತಾರೆ, ಮತ್ತೊಬ್ಬರು ಎಷ್ಟನೆಯ ವಾಕ್ಯವೆಂದು ಹೇಳುತ್ತಾರೆ. ಎಲ್ಲರೂ ತಂತಮ್ಮ ಪುಸ್ತಕದಲ್ಲಿ ಆ ಪುಟ ತೆಗೆದು, ಆ ವಾಕ್ಯವನ್ನು ಸರದಿಯ ಮೇಲೆ ಗಟ್ಟಿಯಾಗಿ ಓದುತ್ತಾರೆ. ಓದಿದ್ದರ ಮೇಲೆ ಕೂಡಿದವರ ಮಾತು ಬೆಳೆಯುತ್ತದೆ. ಆಟ ಇಷ್ಟೇ. ಇದನ್ನು ಹೊತ್ತು ಕಳೆಯುವ ದಾರಿ ಎಂದು ಬದಿಗಿಡುವವರಿದ್ದಾರೆ. ಇಡೀ ಪುಸ್ತಕ ಓದದೆ ಒಂದು ವಾಕ್ಯ ಕೀಳುವುದು ಬರೆದವರಿಗೆ ಮಾಡುವ ಅಪಚಾರ ಎನ್ನುವವರೂ ಇದ್ದಾರೆ. ನಾನು ಹೇಳಹೊರಟಿರುವುದು ಬೇರೆ. ಇದು ನಿಜವಾದ ಓದೇ, ಆದರೆ ಒಂದು ಷರತ್ತಿನ ಮೇಲೆ. ಓದಿದ ಸಾಲಿನ ಸಂಗಡ ಅದು ಯಾರದು, ಯಾವ ಪುಸ್ತಕದ್ದು, ಎಷ್ಟನೆಯ ಪುಟದ್ದು ಎಂಬುದನ್ನೂ ಹೇಳಬೇಕು. ಈ ಷರತ್ತನ್ನು ತೆಗೆದುಬಿಟ್ಟರೆ ಆಟ ಕೆಡುತ್ತದೆ. ಇಟ್ಟುಕೊಂಡರೆ ಒಂದು ಸಾಲೂ ದೊಡ್ಡ ಗ್ರಂಥದ ಬಾಗಿಲಾಗಬಲ್ಲದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಜನಕ್ಕೆ ಈ ಷರತ್ತು ಹೊಸದಲ್ಲ. ಆಟದ ಹೆಸರು ಗೊತ್ತಿಲ್ಲದಿರಬಹುದು, ಅದರ ನಿಯಮವನ್ನು ಈ ನೆಲ ನೂರಾರು ವರ್ಷಗಳಿಂದ ಪಾಲಿಸಿಕೊಂಡು ಬಂದಿದೆ.

ಮೊದಲು ಮಸ್ಕಿಯನ್ನು ನೋಡೋಣ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಬೆಟ್ಟದ ಬಂಡೆಯೊಂದರ ಮೇಲೆ ಹಳೆಯ ಬರಹ ಕಂಡ. ಅವನು ಹುಡುಕುತ್ತಿದ್ದದ್ದು ಚಿನ್ನ, ಸಿಕ್ಕಿದ್ದು ಕೆಲವೇ ಸಾಲುಗಳ ಬ್ರಾಹ್ಮಿ ಲಿಪಿಯ ಒಂದು ಶಾಸನ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಮಾಲಿಕೆಯಲ್ಲಿ ಪ್ರಕಟಿಸಿದರು. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಓದಿ ಆಗಲೇ ಮುಕ್ಕಾಲು ಶತಮಾನ ದಾಟಿತ್ತು. ಅಷ್ಟು ಕಾಲವೂ ವಿದ್ವಾಂಸರ ಕೈಯಲ್ಲಿ ದೇಶದ ಮೂಲೆ ಮೂಲೆಗಳ ಶಾಸನಗಳಿದ್ದವು. ಆದರೆ ಅವುಗಳಲ್ಲೆಲ್ಲ ರಾಜ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಆ ರಾಜನೇ ಬೌದ್ಧ ಗ್ರಂಥಗಳ ಅಶೋಕ ಎಂದು ಸಿಂಹಳದ ದೀಪವಂಶದ ಆಧಾರದ ಮೇಲೆ ಹೇಳುತ್ತಿದ್ದರು. ಶಾಸನದ ಬಾಯಿಂದಲೇ ಆ ಹೆಸರು ಬಂದಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಬಂತು: ದೇವಾನಾಂಪ್ರಿಯ ಎಂಬ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರು. ಮುಂದೆ ಗುಜರ್ರಾ, ನಿಟ್ಟೂರು, ಉಡೇಗೊಳಂಗಳಲ್ಲೂ ಅದು ಸಿಕ್ಕಿತು. ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಇಲ್ಲಿ ಗಮನಿಸಬೇಕಾದದ್ದು, ಆ ಬಂಡೆಯ ಬರಹ ಹೇಳುವ ಸಂಗತಿ ಹೊಸದೇನಲ್ಲ ಎಂಬುದು. ಬೌದ್ಧನಾಗಿ ಎರಡೂವರೆ ವರ್ಷ ದಾಟಿತೆಂದು, ಧರ್ಮದ ದಾರಿ ದೊಡ್ಡವರಿಗಷ್ಟೇ ಅಲ್ಲ ಸಣ್ಣವರಿಗೂ ತೆರೆದಿದೆಯೆಂದು ರಾಜ ಹೇಳುವ ಇದೇ ಮಾತು ರೂಪನಾಥ, ಸಹಸ್ರಾಂ, ಬೈರಾಟ್‌ಗಳಲ್ಲಿ, ನಮ್ಮ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಮೊದಲೇ ಸಿಕ್ಕಿತ್ತು. ಮಸ್ಕಿ ಕೊಟ್ಟದ್ದು ಹೆಸರನ್ನು. ಆ ಒಂದು ಹೆಸರಿನಿಂದ ಊರೂರಿನ ಬಿಡಿ ಶಾಸನಗಳೆಲ್ಲ ಒಬ್ಬನ ಮಾತಾಗಿ ಕೂಡಿಕೊಂಡವು.

ಆ ಬಂಡೆಯ ಇನ್ನೊಂದು ಸಂಗತಿ ನಮ್ಮ ಆಟಕ್ಕೆ ಇನ್ನೂ ಹತ್ತಿರದ್ದು. ಮಸ್ಕಿಯ ಬರಹದಲ್ಲಿ ನಡುನಡುವೆ ಅಕ್ಷರಗಳು ಅಳಿಸಿಹೋಗಿವೆ. ಅಲ್ಲಿ ಏನಿತ್ತೆಂದು ಹೇಳಲು ವಿದ್ವಾಂಸರು ಊಹೆಯನ್ನು ನಂಬಿ ಕೂಡಲಿಲ್ಲ. ಅದೇ ಶಾಸನದ ಬೇರೆ ಊರಿನ ಪಾಠಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದರು. ರೂಪನಾಥದಲ್ಲಿ ಉಳಿದದ್ದು ಮಸ್ಕಿಯ ಖಾಲಿ ಜಾಗವನ್ನು ತುಂಬಿತು. ರೂಪನಾಥದಲ್ಲಿ ಇಲ್ಲದ ಹೆಸರನ್ನು ಮಸ್ಕಿ ತುಂಬಿತು. ಒಂದು ತುಂಡು ಮಾತು ಒಂಟಿಯಾಗಿದ್ದಾಗ ಅರೆಬರೆ. ಹತ್ತು ತುಂಡುಗಳು ಕೂಡಿದಾಗ, ಪ್ರತಿಯೊಂದೂ ಎಲ್ಲಿಯದೆಂದು ಗೊತ್ತಿದ್ದಾಗ, ಒಂದು ಮತ್ತೊಂದನ್ನು ತಿದ್ದುತ್ತದೆ. ಗುಂಪಿನಲ್ಲಿ ಓದಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ತೋರದು. ಅಶೋಕನಿಗೂ ಈ ಕಾಳಜಿ ಇತ್ತು. ಒಡಿಶಾದ ಧೌಳಿಯ ಶಾಸನದಲ್ಲಿ ಅವನು ತನ್ನ ಅಧಿಕಾರಿಗಳಿಗೆ ಅಪ್ಪಣೆ ಮಾಡಿದ್ದಾನೆ: ತಿಷ್ಯ ನಕ್ಷತ್ರದ ದಿನಗಳಲ್ಲಿ ಈ ಬರಹವನ್ನು ಜನರಿಗೆ ಓದಿ ಕೇಳಿಸಬೇಕು, ನಡುವಿನ ದಿನಗಳಲ್ಲಿ ಕೇಳುವವ ಒಬ್ಬನೇ ಇದ್ದರೂ ಓದಬೇಕು. ಕಲ್ಲಿನ ಮೇಲೆ ಕೆತ್ತಿದ ಸಾಲು ಒಬ್ಬನು ಓದಿ ಹಲವರು ಕೇಳುವುದಕ್ಕೆ ಎಂಬ ತಿಳಿವಳಿಕೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನದು.

ಮಸ್ಕಿಯಿಂದ ಲಿಂಗಸುಗೂರಿನ ಕಡೆಗೆ ಹೊರಟರೆ ಗುರುಗುಂಟೆಯ ಹತ್ತಿರ ಅಮರೇಶ್ವರವಿದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಅಲ್ಲಿಯವರು. ಕಲ್ಯಾಣಕ್ಕೆ ಹೋಗಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರೆಂಬುದು ಅವರ ಕಥೆ. ಇವರ ವಚನಗಳ ಕೊನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾರಯ್ಯನ ವಚನ ಅಮರೇಶ್ವರಲಿಂಗ ಎಂಬ ಅಂಕಿತದಿಂದ ಮುಗಿಯುತ್ತದೆ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂದು ಮುಗಿಯುತ್ತದೆ. ಒಂದೇ ಮನೆಯ ಇಬ್ಬರು, ಒಂದೇ ದೇವರು, ಆದರೂ ಯಾರ ಮಾತು ಯಾರದೆಂಬ ಗುರುತು ಕದಡಿಲ್ಲ. ಅಂಕಿತವನ್ನು ನಾವು ಭಕ್ತಿಯ ಕುರುಹು ಎಂದು ಓದುತ್ತೇವೆ, ಅದು ಸರಿಯೇ. ಆದರೆ ಅದು ಬೇರೊಂದು ಕೆಲಸವನ್ನೂ ಮಾಡಿದೆ. ವಚನ ಬಿಡಿಬಿಡಿಯಾದ ಮಾತು. ಒಂದಕ್ಕೆ ಮುಂದಿನದು, ಹಿಂದಿನದು ಎಂಬುದಿಲ್ಲ. ಕಲ್ಯಾಣ ಚದುರಿದ ಮೇಲೆ ಅದು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ, ಊರಿಂದೂರಿಗೆ ಬಿಡಿಯಾಗಿಯೇ ಹೋಗಬೇಕಾಯಿತು. ಕಟ್ಟು ಬಿಚ್ಚಿ ಒಂದು ಓಲೆ ಎಲ್ಲೋ ಬಿದ್ದರೂ, ಅದರ ಕೊನೆಯ ಸಾಲು ಓದಿದವನಿಗೆ ಆಡಿದವರು ಯಾರೆಂದು ಗೊತ್ತಾಗುತ್ತಿತ್ತು. ಮಾತು ಬಿಡಿಯಾಗಿ ತಿರುಗುವುದು ನಿಶ್ಚಿತ ಎಂದು ಬಲ್ಲವರು ಅದರ ಹೆಸರನ್ನು ಅದರೊಳಗೇ ಕಟ್ಟಿ ಕಳಿಸಿದಂತಿದೆ.

ಆಮೇಲೆ ಹದಿನೈದನೆಯ ಶತಮಾನದಲ್ಲಿ ಒಂದು ಅದ್ಭುತ ನಡೆಯಿತು. ಶಿವಗಣಪ್ರಸಾದಿ ಮಹಾದೇವಯ್ಯ ಹೀಗೆ ಚದುರಿದ್ದ ವಚನಗಳನ್ನು ಎತ್ತಿಕೊಂಡು, ಅಲ್ಲಮಪ್ರಭುವನ್ನು ನಡುವಿಟ್ಟು, ಒಂದರ ಪಕ್ಕ ಒಂದನ್ನು ಜೋಡಿಸಿ ಶೂನ್ಯಸಂಪಾದನೆ ಎಂಬ ದೊಡ್ಡ ಸಂಭಾಷಣೆಯನ್ನೇ ಕಟ್ಟಿದ. ಅವನ ಹಿಂದೆ ಇನ್ನೂ ಮೂವರು ಅದನ್ನು ಬೆಳೆಸಿ ತಿದ್ದಿದರು. ಕೊನೆಯ ಗೂಳೂರು ಸಿದ್ಧವೀರಣಾರ್ಯನ ಪಾಠದಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮರ ಪ್ರಸಂಗಕ್ಕೇ ಒಂದು ಅಧ್ಯಾಯವಿದೆ. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಬಾಯಲ್ಲಿ ಹುಟ್ಟಿದ ಮಾತುಗಳು ಅಲ್ಲಿ ಒಂದಕ್ಕೊಂದು ಉತ್ತರ ಕೊಡುತ್ತವೆ, ಒಂದನ್ನೊಂದು ಪ್ರಶ್ನಿಸುತ್ತವೆ. ಸುತ್ತು ಕೂತವರು ಬೇರೆ ಬೇರೆ ಪುಸ್ತಕಗಳಿಂದ ಒಂದೊಂದು ಸಾಲು ಓದಿದಾಗ, ಒಬ್ಬರ ಸಾಲು ಮತ್ತೊಬ್ಬರ ಸಾಲಿಗೆ ಜವಾಬಿನಂತೆ ಕೇಳಿಸುತ್ತದಲ್ಲ, ಆ ಅನುಭವಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಪೂರ್ವಜ ಇಲ್ಲ. ವ್ಯತ್ಯಾಸವಿದೆ, ಅದನ್ನು ಮರೆಸಬಾರದು: ಶೂನ್ಯಸಂಪಾದನಕಾರರು ಆರಿಸಿ ಜೋಡಿಸಿದರು, ಆಟದಲ್ಲಿ ಜೋಡಿಸುವುದು ಆಕಸ್ಮಿಕ. ಆದರೆ ಎರಡರಲ್ಲೂ ಬಿಡಿ ಮಾತು ತನ್ನ ಹೆಸರು ಕಳೆದುಕೊಂಡಿಲ್ಲ. ಅಂಕಿತ ಉಳಿದಿತ್ತೆಂದೇ ಮುಂದಿನ ಸಂಪಾದಕರಿಗೆ ಆ ಸಂಭಾಷಣೆಯಿಂದ ವಚನಗಳನ್ನು ಮತ್ತೆ ಬೇರ್ಪಡಿಸಿ, ಅವರವರ ಹೆಸರಿನ ಕೆಳಗೆ ಇಡಲು ಸಾಧ್ಯವಾಯಿತು. ಕರ್ನಾಟಕ ಸರ್ಕಾರ 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ತಂದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳಲ್ಲಿ ಒಂದೊಂದು ವಚನಕ್ಕೂ ಒಂದೊಂದು ಸಂಖ್ಯೆ ಇದೆ. ಅಂಕಿತಕ್ಕೆ ಸಂಪುಟ ಮತ್ತು ಸಂಖ್ಯೆ ಸೇರಿತು. ಗುರುತು ಇನ್ನಷ್ಟು ಗಟ್ಟಿಯಾಯಿತು.

ಇದು ಶರಣರದ್ದಷ್ಟೇ ಪದ್ಧತಿಯಲ್ಲ. ದಾಸರ ಪರಂಪರೆಗೆ ರಾಯಚೂರು ಸೀಮೆ ತವರು. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಈ ಸೀಮೆಯವರು, ಪ್ರಾಣೇಶದಾಸರು ಲಿಂಗಸುಗೂರಿನವರೇ. ತಂಬೂರಿ ಹಿಡಿದು ಹಾಡುತ್ತ ಹೋದ ಕೀರ್ತನೆಗಳನ್ನು ಯಾವ ಪುಸ್ತಕವೂ ಹಿಂಬಾಲಿಸಲಿಲ್ಲ, ಕೊನೆಯ ನುಡಿಯ ಅಂಕಿತ ಹಿಂಬಾಲಿಸಿತು. ಮುದಗಲ್ಲಿನ ಮೊಹರಂಗೆ ಊರೂರಿನಿಂದ ಜನ ಸೇರುತ್ತಾರೆ. ನಮ್ಮ ಕಡೆಯ ಮೊಹರಂ ಪದಗಳಲ್ಲಿ, ರಿವಾಯತ್‌ಗಳಲ್ಲಿ, ಗೀಗೀ ಪದಗಳಲ್ಲಿ ಸಾಮಾನ್ಯವಾಗಿ ಕಡೆಯ ನುಡಿ ಪದ ಕಟ್ಟಿದವನ ಊರನ್ನೂ ಗುರುವನ್ನೂ ಹೆಸರಿಸಿ ನಿಲ್ಲುತ್ತದೆ. ಓದು ಬಾರದ ಗಾಯಕ ಕೂಡ ಆ ನುಡಿಯನ್ನು ನುಂಗುವುದಿಲ್ಲ. ಪರ ಊರಿನ ಪದ ಹಾಡಿ ತನ್ನದೆಂದರೆ ಕೇಳುವವರು ಅಲ್ಲೇ ಹಿಡಿದು ನಿಲ್ಲಿಸುತ್ತಾರೆ.

ಈಗ ಇದೆಲ್ಲವನ್ನೂ ನಮ್ಮ ಇವತ್ತಿನ ಓದಿನ ಪಕ್ಕದಲ್ಲಿಡೋಣ. ಇವತ್ತು ಬಿಡಿ ಸಾಲುಗಳಿಗೆ ಬರವಿಲ್ಲ. ಬೆಳಗಾದರೆ ಮೊಬೈಲಿನಲ್ಲಿ ಬುದ್ಧನ ಚಿತ್ರದ ಕೆಳಗೆ ಒಂದು ಸಾಲು, ಬಸವಣ್ಣನವರ ಚಿತ್ರದ ಕೆಳಗೆ ಒಂದು, ಅಂಬೇಡ್ಕರರ ಚಿತ್ರದ ಕೆಳಗೆ ಮತ್ತೊಂದು. ಅವುಗಳಲ್ಲಿ ಎಷ್ಟೋ ಮಾತುಗಳನ್ನು ಅವರು ಯಾರೂ ಆಡಿಯೇ ಇಲ್ಲ. ಯಾವ ಗ್ರಂಥ, ಎಷ್ಟನೆಯ ಪುಟ ಎಂದು ಕೇಳಿದರೆ ಕಳಿಸಿದವರಿಗೂ ಗೊತ್ತಿಲ್ಲ, ಅವರಿಗೆ ಕಳಿಸಿದವರಿಗೂ ಗೊತ್ತಿಲ್ಲ. ಅಲ್ಲಿ ಸಾಲು ಅನಾಥ, ಹೆಸರು ಎರವಲು. ನಾನು ಈ ಆಟವನ್ನು ಇಷ್ಟು ಗಂಭೀರವಾಗಿ ಹಿಡಿದಿರುವುದು ಈ ಕಾರಣಕ್ಕೆ. ಆಟದಲ್ಲಿ ಸಾಲಿನ ಜೊತೆಗೆ ಪುಸ್ತಕ ಕಣ್ಣೆದುರೇ ಇರುತ್ತದೆ. ಅನುಮಾನ ಬಂದರೆ ಪಕ್ಕದವರು ಕೈ ಚಾಚಿ ತೆಗೆದುಕೊಂಡು ನೋಡಬಹುದು. ಹತ್ತು ವರ್ಷದ ಹುಡುಗಿ ಒಂದು ಸಾಲು ಓದಿ, ಬರೆದವರು ಇಂಥವರು, ಪುಟ ನಲವತ್ತೆರಡು ಎಂದು ಹೇಳುವುದನ್ನು ರೂಢಿ ಮಾಡಿಕೊಂಡರೆ, ಮುಂದೆ ಅವಳ ಮೊಬೈಲಿಗೆ ಬರುವ ಮಾತಿಗೂ ಅದೇ ಪ್ರಶ್ನೆ ಹಾಕುತ್ತಾಳೆ. ಈ ರೂಢಿಯನ್ನು ಉಪದೇಶ ಮಾಡಿ ಹಚ್ಚಲಿಕ್ಕಾಗದು, ಆಡಿಸಿ ಹಚ್ಚಬಹುದು.

ಆಕಸ್ಮಿಕವಾಗಿ ಪುಟ ತೆಗೆದರೆ ಸಪ್ಪೆ ಸಾಲುಗಳೇ ಬರುತ್ತವೆ, ಒಳ್ಳೆಯ ಸಾಲುಗಳನ್ನೇ ಆರಿಸಿ ಓದಬಾರದೇಕೆ ಎಂದು ಕೇಳಬಹುದು. ಆರಿಸಿದ ಸಾಲುಗಳ ಜಾಗ ಬೇರೆ ಇದೆ; ಸುಭಾಷಿತವಿದೆ, ಬಾನುಲಿಯ ಬೆಳಗಿನ ಚಿಂತನವಿದೆ, ಅವು ಬೇಕು. ಆದರೆ ಬರೀ ಆರಿಸಿದ ಸಾಲುಗಳನ್ನೇ ಕೇಳುತ್ತ ಬೆಳೆದವರಿಗೆ ಪುಸ್ತಕವೆಂದರೆ ನೀತಿಮಾತಿನ ಮೂಟೆ ಎಂಬ ತಪ್ಪು ತಿಳಿವಳಿಕೆ ಬರುತ್ತದೆ. ಪುಸ್ತಕದ ಬಹುಭಾಗ ನೀತಿಯಲ್ಲ. ಯಾರೋ ಬಾಗಿಲು ತೆರೆದದ್ದು, ನೀರು ಸೇದಿದ್ದು, ಸಾಲ ಕೇಳಲು ಹೋಗಿ ಸುಮ್ಮನೆ ಮರಳಿದ್ದು. ಒಂದು ಸುತ್ತನ್ನು ಹತ್ತಿರದಿಂದ ನೋಡಿ. ಭತ್ತದ ಬೇಸಾಯದ ಕೈಪಿಡಿ ಹಿಡಿದವರಿಗೆ ಸಸಿಮಡಿಯಲ್ಲಿ ಎಷ್ಟು ನೀರು ನಿಲ್ಲಿಸಬೇಕೆಂಬ ವಾಕ್ಯ ಬಂತೆನ್ನಿ. ಅದರ ಪಕ್ಕದವರ ಕಾದಂಬರಿಯಲ್ಲಿ ‘ಆದರೆ’ ಎಂದು ಶುರುವಾಗುವ ವಾಕ್ಯ ಬಂತು: ಆದರೆ ಅವಳು ಆ ದಿನವೂ ಬರಲಿಲ್ಲ ಎಂಬಂಥದ್ದು. ತಕ್ಷಣ ಪ್ರಶ್ನೆಗಳು ಏಳುತ್ತವೆ. ಅವಳು ಯಾರು? ಬರುತ್ತೇನೆ ಎಂದಿದ್ದು ಯಾರಿಗೆ? ‘ಆ ದಿನವೂ’ ಎಂದ ಮೇಲೆ ಹಿಂದಿನ ದಿನಗಳೂ ಇರಬೇಕಲ್ಲ? ಒಬ್ಬರು ಹಿಂದಿನ ಪುಟಕ್ಕೆ ತಿರುಗಿಸುತ್ತಾರೆ, ಅಲ್ಲಿಂದ ಅದರ ಹಿಂದಿನದಕ್ಕೆ. ಸಸಿಮಡಿಯ ವಾಕ್ಯವೂ ಸಪ್ಪೆಯಾಗಿ ಉಳಿಯುವುದಿಲ್ಲ. ಕಾಲುವೆಯ ಕೊನೆ ಭಾಗದ ರೈತ ಕೂತಿದ್ದರೆ, ನಮ್ಮ ಹೊಲಕ್ಕೆ ಆ ಹೊತ್ತಿಗೆ ನೀರೇ ಬರುವುದಿಲ್ಲವಲ್ಲ, ಈ ಪುಸ್ತಕ ಯಾರಿಗೆ ಬರೆದದ್ದು ಎಂದು ಕೇಳುತ್ತಾನೆ. ಅದು ಪುಸ್ತಕಕ್ಕೆ ಓದುಗ ಹಾಕಬಹುದಾದ ಅತ್ಯುತ್ತಮ ಪ್ರಶ್ನೆ. ಬರೆದವರ ಹೆಸರು, ಅಚ್ಚಾದ ವರ್ಷ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆರಿಸಿ ತಂದ ಸುಂದರ ವಾಕ್ಯಕ್ಕೆ ಜನ ತಲೆದೂಗುತ್ತಾರೆ. ಆಕಸ್ಮಿಕವಾಗಿ ಬಂದ ಸಾದಾ ವಾಕ್ಯಕ್ಕೆ ಪ್ರಶ್ನೆ ಕೇಳುತ್ತಾರೆ. ನನಗೆ ಎರಡನೆಯದು ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಬಲವಾದದ್ದು. ಹಿಂದುಮುಂದಿಲ್ಲದೆ ಕಿತ್ತ ವಾಕ್ಯವನ್ನು ಬರೆದವರ ಮೇಲೆಯೇ ತಿರುಗಿಸಬಹುದು. ಕಾದಂಬರಿಯ ದುಷ್ಟ ಪಾತ್ರ ಆಡಿದ ಮಾತನ್ನು ಲೇಖಕನ ಮಾತೆಂದು ಹಬ್ಬಿಸಬಹುದು. ಪೂರ್ವಪಕ್ಷವನ್ನು ಸಿದ್ಧಾಂತವೆಂದು ಓದಿ ಜಗಳ ಹಚ್ಚಬಹುದು. ಹೀಗೆ ಆಗಿಲ್ಲವೆಂದು ಯಾರೂ ಹೇಳಲಾರರು. ಅಂಕಿತ ಕೂಡ ಪೂರ್ತಿ ಕಾವಲಲ್ಲ. ಪ್ರಸಿದ್ಧರ ಅಂಕಿತ ಹಚ್ಚಿ ಆಮೇಲೆ ಕಟ್ಟಿ ಸೇರಿಸಿದ ವಚನಗಳನ್ನು ಪ್ರಕ್ಷಿಪ್ತವೆಂದು ಬೇರ್ಪಡಿಸಲು ಸಂಪಾದಕರು ಬಹಳ ದುಡಿದಿದ್ದಾರೆ. ಆದ್ದರಿಂದ ಹೆಸರು ಹೇಳಿದರೆ ಸಾಲದು, ಪುಸ್ತಕವೂ ಜಾಗ ಬಿಟ್ಟು ಹೋಗಬಾರದು ಎಂಬುದನ್ನು ಆಟದ ಎರಡನೆಯ ನಿಯಮ ಮಾಡಿಕೊಳ್ಳಬೇಕು. ಕೂಡಿದವರಲ್ಲಿ ಯಾರಾದರೂ ಹಿಂದಿನದನ್ನು ಓದಿ ಎಂದರೆ ಹಿಂದಿನದನ್ನು, ಮುಂದಿನದನ್ನು ಎಂದರೆ ಮುಂದಿನದನ್ನು ಓದಲೇಬೇಕು. ಆ ವಾಕ್ಯ ಪಾತ್ರದ್ದೋ ಲೇಖಕನದೋ ಎಂಬ ತಕರಾರು ಅಲ್ಲೇ ತೀರುತ್ತದೆ. ಸಾಲಿನಿಂದ ಕೇಡಾಗುವುದು ಅದು ಪುಸ್ತಕ ಬಿಟ್ಟು ಬೀದಿಗೆ ಹೊರಟಾಗ; ಪುಸ್ತಕದ ಮಗ್ಗುಲಲ್ಲೇ ಕೂತಾಗ ಅದು ಓದಿಗೆ ಕರೆಯುತ್ತದೆ. ಒಬ್ಬರು ಒಂದು ಸುತ್ತಿಗೆ ಒಂದೇ ವಾಕ್ಯ ಓದಬೇಕೆಂಬುದೂ ಇದಕ್ಕೆ ಸೇರಿದ್ದೇ. ಒಂದು ದಿನ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಒಪ್ಪಲಿಲ್ಲ, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದಳಂತೆ. ಸಾಲುಗಳನ್ನು ಆಯುವವರಿಗೂ ಲಕ್ಕಮ್ಮನ ಆ ಲೆಕ್ಕವೇ ಸರಿ. ಒಂದು ವಾಕ್ಯವನ್ನು ಚೆನ್ನಾಗಿ ವಿಚಾರಿಸಿ ಮುಗಿಸಿದ ಮೇಲೆ ಇನ್ನೊಂದು.

ಪುಸ್ತಕ ತೆಗೆದು ಕಣ್ಣಿಗೆ ಬಿದ್ದ ಸಾಲು ಓದುವುದು ಶಕುನ ನೋಡಿದ ಹಾಗಲ್ಲವೇ ಎಂಬ ಶಂಕೆಯೂ ಇದೆ. ನಮ್ಮ ಕಡೆ ಹೊತ್ತಿಗೆ ತೆಗೆಸಿ ನೋಡುವುದು ಹಳೆಯ ರೂಢಿ; ಎತ್ತು ಕಳೆದರೂ, ಹೆಣ್ಣು ಗೊತ್ತಾಗದಿದ್ದರೂ ಹೊತ್ತಿಗೆ ತೆಗೆಸುತ್ತಿದ್ದರು. ಪರ್ಷಿಯನ್ನರು ಕವಿ ಹಾಫಿಜ್‌ನ ಕವಿತೆಗಳ ಸಂಕಲನವಾದ ದಿವಾನನ್ನು ಹೀಗೆಯೇ ತೆಗೆಯುತ್ತಾರೆ. ಪಟ್ನಾದ ಖುದಾಬಕ್ಷ್ ಗ್ರಂಥಾಲಯದಲ್ಲಿ ಅದರದೊಂದು ಹಸ್ತಪ್ರತಿ ಇದೆ. ಹುಮಾಯೂನ್ ಮತ್ತು ಜಹಾಂಗೀರ್ ತಾವು ಯಾವ ಪ್ರಸಂಗದಲ್ಲಿ ತೆಗೆದು ನೋಡಿದೆವೆಂದು ಅದರ ಅಂಚಿನಲ್ಲಿ ಕೈಯಾರೆ ಬರೆದಿಟ್ಟಿದ್ದಾರೆ. ಹಾಫಿಜ್ ನಮಗೆ ತೀರ ದೂರದವನೂ ಅಲ್ಲ. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಬರೆದ ಪ್ರಕಾರ, ಕಲಬುರಗಿಯಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಮುಹಮ್ಮದ್ ಶಾ ಅವನಿಗೆ ದಾರಿ ಖರ್ಚು ಕಳಿಸಿ ಬರಹೇಳಿದ್ದ. ಕವಿ ಹೊರ್ಮುಜ್ ಬಂದರಿನ ತನಕ ಬಂದು, ಬಿರುಗಾಳಿಗೆ ಅಂಜಿ, ಗಜಲೊಂದನ್ನು ಬರೆದು ಕಳಿಸಿ ಶಿರಾಜಿಗೆ ಮರಳಿಬಿಟ್ಟ. ಆ ಸುಲ್ತಾನರ ಕಾಲದಲ್ಲಿ ರಾಯಚೂರು-ಮುದಗಲ್‌ಗಳ ಈ ದೋಆಬ್ ವಿಜಯನಗರಕ್ಕೂ ಬಹಮನಿಗಳಿಗೂ ನಡುವೆ ಎಳೆದಾಡುತ್ತಿದ್ದ ನೆಲ. ಗಜಲಿನ ಕೊನೆಯ ದ್ವಿಪದಿಯಲ್ಲೂ ಕವಿಯ ಹೆಸರು ಬರುವುದು ವಾಡಿಕೆ ಎಂಬುದನ್ನು ಇಲ್ಲಿ ನೆನೆಯಬೇಕು. ಅದೂ ಒಂದು ಅಂಕಿತವೇ. ಆದರೂ ಶಕುನಕ್ಕೂ ನಮ್ಮ ಆಟಕ್ಕೂ ಹೋಲಿಕೆ ಕೈಯ ಚಲನೆಯಲ್ಲಷ್ಟೇ. ಶಕುನ ನೋಡುವವನು ಸಾಲಿಗೆ ಕೇಳುವುದು ನನ್ನ ಗತಿಯೇನು ಎಂದು. ಉತ್ತರ ಸಿಕ್ಕ ಕ್ಷಣ ಅವನಿಗೆ ಪುಸ್ತಕ ಬೇಡ. ಆಟದಲ್ಲಿ ಕೇಳುವುದು ನೀನು ಯಾವ ಪುಸ್ತಕದವನು, ನಿನ್ನ ಮುಂದಿನ ಮಾತೇನು ಎಂದು. ಬೀದರಿನ ನಾನಕ್ ಝಿರಾ ಗುರುದ್ವಾರವಿರಲಿ, ಸಿಖ್ಖರ ಬೇರೆ ಯಾವುದೇ ಗುರುದ್ವಾರವಿರಲಿ, ಗುರು ಗ್ರಂಥ ಸಾಹಿಬನ್ನು ತೆರೆದು ಬಂದ ಪದವನ್ನು ಸಭೆಗೆ ಓದಿ ಕೇಳಿಸುವ ಹುಕುಮ್‌ನಾಮೆಯ ಪದ್ಧತಿ ಇದೆ. ಅದು ಆಟವಲ್ಲ, ಆರಾಧನೆ. ಆಟದ ಮಾತಿನ ನಡುವೆ ಅದನ್ನು ಗೌರವದಿಂದಲೇ ತರುತ್ತಿದ್ದೇನೆ. ಆ ಗ್ರಂಥದ 1430 ಪುಟಗಳಲ್ಲಿ ಗುರುಗಳು ರಚಿಸಿದ ಪದಗಳೆಲ್ಲ ನಾನಕರ ಅಂಕಿತದಲ್ಲೇ ಇವೆ. ಯಾವ ಗುರು ರಚಿಸಿದ್ದೆಂದು ತಿಳಿಯಲು ಪದದ ತಲೆಯ ಮೇಲೆ ಮಹಲಾ ಎಂದು ಬರೆದು ಸಂಖ್ಯೆ ಹಾಕಿದ್ದಾರೆ, ಒಂದು ಎಂದರೆ ನಾನಕರು, ಐದು ಎಂದರೆ ಅರ್ಜುನದೇವರು. ಎಲ್ಲಿ ತೆರೆದರೂ ಯಾರ ಮಾತೆಂದು ಗೊತ್ತಾಗಬೇಕೆಂಬ ಎಚ್ಚರ ಅಲ್ಲಿಯೂ ಅಷ್ಟೇ ಬಿಗಿಯಾಗಿದೆ.

ಎಲ್ಲಕ್ಕಿಂತ ನೋಯಿಸುವ ಆಕ್ಷೇಪಣೆಯನ್ನು ಕಡೆಗೆ ಇಟ್ಟುಕೊಂಡೆ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 59.56, ರಾಜ್ಯದ್ದು 75.36. ಓದಲು ಬರೆಯಲು ಬಾರದವರು ಇಷ್ಟಿರುವಲ್ಲಿ ಪುಸ್ತಕದ ಆಟ ಉಂಡವರ ಮಾತಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಆಟ ಅಕ್ಷರ ಕಲಿಸುವುದಿಲ್ಲ. ಶಾಲೆ ಮಾಡಬೇಕಾದ ಕೆಲಸ ಶಾಲೆಯದೇ. ಗ್ರಂಥಾಲಯದ ಬಾಗಿಲು ತೆರೆಯದಿದ್ದರೆ, ಒಳಗೆ ಪುಸ್ತಕವೇ ಇಲ್ಲದಿದ್ದರೆ ಈ ಆಟಕ್ಕೆ ಜಾಗವೇ ಇಲ್ಲ. ಆದರೆ ಓದುವವರು ಬೇರೆ, ಓದು ಬಾರದವರು ಬೇರೆ ಎಂದು ಗೆರೆ ಎಳೆಯುವುದು ಈ ಸೀಮೆಯ ರೂಢಿಯಲ್ಲ. ಸಿಂಧನೂರು ತಾಲ್ಲೂಕಿನ ಅಂಬಾಮಠದ ಸಿದ್ಧಪರ್ವತದಲ್ಲಿ ನೆಲೆನಿಂತ ಚಿದಾನಂದಾವಧೂತರು ರಚಿಸಿದ ದೇವಿ ಪುರಾಣವನ್ನು ನವರಾತ್ರಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಓದುತ್ತಾರೆ. ಪುರಾಣ ಹಚ್ಚಿದಾರ ಎಂದರೆ ಸಾಕು, ಗುಡಿಯ ಕಟ್ಟೆ ತುಂಬುತ್ತದೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಕೂತವರು ನಡುವೆ ಪ್ರಶ್ನೆ ಹಾಕುತ್ತಾರೆ. ಅಕ್ಷರ ಬಾರದ ಮುದುಕಿಯೊಬ್ಬಳು ಓದುವವರ ತಪ್ಪು ತಿದ್ದಿದರೆ ಅಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ, ಏಕೆಂದರೆ ಅವಳು ವರ್ಷ ವರ್ಷವೂ ಕೇಳಿದ್ದಾಳೆ. ಕಣ್ಣಿನ ಓದಿಗಿಂತ ಕಿವಿಯ ಓದು ಕಡಿಮೆಯದಲ್ಲ. ಬಿಡಿ ಸಾಲಿನ ಆಟವೂ ಇದೇ ಬಗೆಯದು. ಐದು ಜನರಿಗೆ ಓದಲು ಬಂದರೆ ಹತ್ತು ಜನ ಆಡಬಹುದು, ಸಾಲಿನ ಅರ್ಥ ಬಿಡಿಸುವುದರಲ್ಲಿ ಓದು ಬಾರದವರು ಮುಂದಾದರೂ ಆಗಬಹುದು. ತಡವರಿಸುತ್ತ ಓದುವ ಮಗುವಿಗೂ ಇದು ಒಳ್ಳೆಯದು. ಇಡೀ ಪಾಠ ಓದು ಎಂದರೆ ಅಂಜುವ ಮಗು ಒಂದು ವಾಕ್ಯಕ್ಕೆ ಅಂಜುವುದಿಲ್ಲ. ಓದಿ ಮುಗಿಸಿದ ಕೂಡಲೇ ಎಲ್ಲರೂ ಅದರ ಸಾಲನ್ನು ಹಿಡಿದು ಮಾತಾಡುತ್ತಾರೆ, ತಾನು ಓದಿದ್ದು ಹತ್ತು ಜನಕ್ಕೆ ಬೇಕಾಯಿತೆಂದು ಅದಕ್ಕೆ ತಿಳಿಯುತ್ತದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ನವೆಂಬರಿನಲ್ಲಿ ಮಕ್ಕಳನ್ನು ಅಲ್ಲಿಗೆ ಕರೆತರಲೆಂದು ‘ಓದುವ ಬೆಳಕು’ ಎಂಬ ಕಾರ್ಯಕ್ರಮವೂ ಶುರುವಾಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರು ಒಂದು ಮೂಲೆಯಲ್ಲಿ, ಪತ್ರಿಕೆ ಓದುವ ಹಿರಿಯರು ಒಂದು ಮೂಲೆಯಲ್ಲಿ, ಮಕ್ಕಳು ಚಾಪೆಯ ಮೇಲೆ ಕೂತಿರುವ ಜಾಗ ಅದು. ವಾರಕ್ಕೊಂದು ಸಂಜೆ ಮೂರೂ ಕಡೆಯವರನ್ನು ಒಂದೇ ಸುತ್ತಿನಲ್ಲಿ ಕೂಡಿಸಲು ಈ ಆಟಕ್ಕಿಂತ ಸುಲಭದ ಉಪಾಯ ನನಗೆ ಹೊಳೆಯದು. ಖರ್ಚು ಒಂದು ಪೈಸೆಯೂ ಇಲ್ಲ.

ಸಿಂಧನೂರಿನಲ್ಲಿ ಇದಕ್ಕೆ ಇನ್ನೊಂದು ಅನುಕೂಲವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ತೆಲುಗು ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿಗಳಿಗೆ ಪುನರ್ವಸತಿ ಕ್ಯಾಂಪುಗಳಾದವು. ಉರ್ದು ನಿಜಾಮರ ಕಾಲಕ್ಕಿಂತಲೂ ಹಳೆಯದಾಗಿ ಇಲ್ಲಿಯದೇ ಆಗಿದೆ. ಮಕ್ಕಳು ಶಾಲೆಯಲ್ಲಿ ಕನ್ನಡ ಓದುತ್ತಾರೆ, ಮನೆಯಲ್ಲಿ ಬೇರೆ ಮಾತು. ಆಟಕ್ಕೆ ಕನ್ನಡ ಪುಸ್ತಕಗಳನ್ನೇ ತರಬೇಕೆಂಬ ನಿಯಮ ಬೇಡವೆಂದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಕನ್ನಡ ಸೊರಗುತ್ತದೆ ಎನ್ನುವವರು ಇರಬಹುದು. ನಾನು ಎಣಿಸುವುದು ತದ್ವಿರುದ್ಧ. ಮನೆಯಲ್ಲಿರುವ ಬಂಗಾಳಿ ರಾಮಾಯಣವನ್ನೋ, ಅಜ್ಜನ ಉರ್ದು ಗಜಲ್ ಪುಸ್ತಕವನ್ನೋ, ತೆಲುಗು ಪಂಚಾಂಗವನ್ನೋ ತಂದ ಹುಡುಗ ಮೊದಲು ಆ ಭಾಷೆಯಲ್ಲಿ ಸಾಲನ್ನು ಓದಲಿ. ಆಮೇಲೆ ಅದರ ಅರ್ಥವನ್ನು ಕೂಡಿದವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಲಿ. ಅವರು ಕೇಳುವ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಕೊಡಲಿ. ಪರೀಕ್ಷೆಗಾಗಿ ಮಾತ್ರ ಬಳಸುತ್ತಿದ್ದ ಕನ್ನಡವನ್ನು ಅವನು ಅವತ್ತು ತನ್ನ ಮನೆಯ ಪುಸ್ತಕದ ಪರವಾಗಿ ಮಾತಾಡಲು ಬಳಸುತ್ತಾನೆ. ಆ ಪುಸ್ತಕದ ಹೆಸರು, ಬರೆದವರ ಹೆಸರು, ಪುಟದ ಸಂಖ್ಯೆ ಹೇಳುವ ನಿಯಮ ಅವನಿಗೂ ಇದೆ. ಮೊದಲ ಹಾಳೆಗಳು ಹರಿದುಹೋಗಿ ಹೆಸರೇ ಕಾಣದಂಥ ಹಳೆಯ ಪುಸ್ತಕವಾಗಿದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಲಿ, ಸಾಲನ್ನು ಮಾತ್ರ ಓದದೆ ಬಿಡದಿರಲಿ. ಕೂಡಿದವರಲ್ಲಿ ಆ ಸಾಲನ್ನು ಎಲ್ಲೋ ಕೇಳಿದವರು, ಓದಿದವರು, ಹಾಡಿದವರು ಯಾರಾದರೂ ಇದ್ದು ಅದರ ಹೆಸರು ಹೇಳಿಯಾರು.